ಕೊಟ್ಟವರೇ ವಾಪಸ್ ಕೇಳಿದಾಗ

2020ರ ಜನವರಿ 2ರಂದು ತುಮಕೂರಿನಲ್ಲಿ ರೈತರ ದೊಡ್ಡ ಸಮಾವೇಶ ನಡೆಯಿತು. ಪ್ರಧಾನಿಯವರು ಸಿದ್ಧಗಂಗಾ ಮಠಕ್ಕೆ ಭೇಟಿ ಕೊಟ್ಟು, ಆಮೇಲೆ ಸಮಾವೇಶದ ವೇದಿಕೆಯಿಂದ ಕಿಸಾನ್ ಸಮ್ಮಾನ್ ನಿಧಿಯ ಕಂತನ್ನು ಬಿಡುಗಡೆ ಮಾಡಿದರು. ದೇಶದ ಸುಮಾರು 6 ಕೋಟಿ ರೈತರ ಖಾತೆಗೆ ತಲಾ 2,000 ರೂಪಾಯಿ. ನಮ್ಮ ಹಂದನಕೆರೆ ಹೋಬಳಿಯಿಂದಲೂ ಜನ ಬಸ್ಸು ಹತ್ತಿ ಹೋಗಿದ್ದರು. ಹೋಗದವರ ಮೊಬೈಲಿಗೂ ಮೆಸೇಜು ಬಂತು, ದುಡ್ಡೂ ಬಂತು.

ಕೆಲವು ಕಾಲ ಕಳೆದ ಮೇಲೆ ಅದೇ ಫಲಾನುಭವಿಗಳಲ್ಲಿ ಕೆಲವರಿಗೆ ಬೇರೊಂದು ಕಾಗದ ಬಂತು. ಕಂಪ್ಯೂಟರಿನಲ್ಲಿ ಅಚ್ಚಾದ ಒಂದೇ ಹಾಳೆ. ಹೆಸರು, ನೋಂದಣಿ ಸಂಖ್ಯೆ, ಕಂತುಗಳ ಸಂಖ್ಯೆ, ಒಟ್ಟು ಮೊತ್ತ. ಕೆಳಗೆ ಎರಡು ಸಾಲು: ‘ತಾವು ಸದರಿ ಯೋಜನೆಗೆ ಅನರ್ಹರಾಗಿದ್ದು, ಪಡೆದ ಹಣವನ್ನು ಕೂಡಲೇ ಮರುಪಾವತಿಸತಕ್ಕದ್ದು. ತಪ್ಪಿದಲ್ಲಿ ನಿಯಮಾನುಸಾರ ಕ್ರಮ ಜರುಗಿಸಲಾಗುವುದು.’

ಆ ಕಾಗದ ಓದಿದ ಮನೆಯಲ್ಲಿ ಆ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲ. ತೋಟ ಹರಾಜು ಹಾಕುತ್ತಾರಂತೆ, ಪಹಣಿಯಲ್ಲಿ ಬೋಜಾ ಕೂರಿಸುತ್ತಾರಂತೆ, ಪೊಲೀಸರು ಬರುತ್ತಾರಂತೆ ಎಂದು ಅರಳಿಕಟ್ಟೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇನ್ನು ಕೆಲವರು ಕಾಗದವನ್ನು ಸೂರಿಗೆ ಸಿಕ್ಕಿಸಿ, ‘ನೋಡೋಣ ಬಿಡು’ ಎಂದು ತೋಟಕ್ಕೆ ಹೋಗುತ್ತಾರೆ. ಹೆದರಿಕೆ, ಉದಾಸೀನ, ಎರಡರಿಂದಲೂ ನಷ್ಟವೇ. ಇಂಥ ನೋಟಿಸು ಬಂದಾಗ ಏನು ಮಾಡಬೇಕು ಎಂಬುದೇ ಇವತ್ತಿನ ನನ್ನ ಮಾತು. ನಾನು ವಕೀಲನಲ್ಲ, ನಿವೃತ್ತ ಮೇಷ್ಟ್ರು. ಊರಿನವರು ಕಾಗದ ಓದಿಸಿಕೊಳ್ಳಲು ಬರುವುದರಿಂದ ಇವುಗಳ ಪರಿಚಯವಾಗಿದೆ.

ಮೊದಲಿಗೆ, ಈ ಹಣ ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲುವುದಿಲ್ಲ ಎಂಬುದನ್ನು ನೋಡೋಣ. ಕಿಸಾನ್ ಸಮ್ಮಾನ್ ಯೋಜನೆ ಉದ್ಘಾಟನೆಯಾದದ್ದು 2019ರ ಫೆಬ್ರವರಿ 24ರಂದು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಮೊದಲು ಎರಡು ಹೆಕ್ಟೇರಿನ ಮಿತಿ ಇತ್ತು, ಅದೇ ವರ್ಷ ಅದನ್ನು ತೆಗೆದುಹಾಕಿದರು. ಆದರೆ ಕೆಲವರನ್ನು ಮೊದಲಿನಿಂದಲೂ ಹೊರಗಿಟ್ಟಿದ್ದಾರೆ. ಹಿಂದಿನ ತೆರಿಗೆ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರು, ಸರ್ಕಾರಿ ನೌಕರರು, ತಿಂಗಳಿಗೆ 10,000 ಅಥವಾ ಅದಕ್ಕೂ ಹೆಚ್ಚು ಪಿಂಚಣಿ ಪಡೆಯುವವರು, ವೃತ್ತಿಯಲ್ಲಿರುವ ಡಾಕ್ಟರು, ಇಂಜಿನಿಯರು, ವಕೀಲರು ಮುಂತಾದವರು ಈ ಪಟ್ಟಿಯಲ್ಲಿದ್ದಾರೆ. ನೌಕರರು ಮತ್ತು ಪಿಂಚಣಿದಾರರ ಪೈಕಿ ‘ಡಿ’ ಗುಂಪಿನವರಿಗೆ ಮಾತ್ರ ವಿನಾಯಿತಿ. ನನಗೂ ಒಂದಿಷ್ಟು ತೆಂಗಿನ ತೋಟವಿದೆ. ಆದರೆ ಮೇಷ್ಟ್ರ ಪಿಂಚಣಿ ಬರುವುದರಿಂದ ಈ ಹಣ ನನಗೆ ಸಲ್ಲುವುದಿಲ್ಲ.

ನಮ್ಮ ಕಡೆ ಹೆಚ್ಚು ತೊಡಕಾಗುವುದು ಮೂರು ಕಡೆ. ಒಂದು, ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಪಹಣಿ ಇದ್ದು, ಇಬ್ಬರೂ ನೋಂದಾಯಿಸಿಕೊಂಡಿರುವುದು. ಈ ಯೋಜನೆಯ ಪ್ರಕಾರ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಹದಿನೆಂಟು ತುಂಬದ ಮಕ್ಕಳು. ಕುಟುಂಬಕ್ಕೆ ಒಂದೇ ಸೌಲಭ್ಯ. ಇಬ್ಬರೂ ಪಡೆದಿದ್ದರೆ ಒಬ್ಬರದ್ದು ಹೆಚ್ಚುವರಿ. ಆದರೆ ಇದರಲ್ಲೇ ಇನ್ನೊಂದು ಸೂಕ್ಷ್ಮವಿದೆ. ತಂದೆಯ ಹೆಸರಿನಲ್ಲಿ ಬೇರೆ ಪಹಣಿ, ವಯಸ್ಸಿಗೆ ಬಂದ ಮಗನ ಹೆಸರಿನಲ್ಲಿ ಬೇರೆ ಪಹಣಿ ಇದ್ದರೆ ಅವರು ಎರಡು ಕುಟುಂಬ. ಒಂದೇ ಮನೆಯಲ್ಲಿ ಉಣ್ಣುತ್ತಾರೆ, ಒಂದೇ ರೇಷನ್ ಕಾರ್ಡಿನಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಮಗ ಅನರ್ಹನಾಗುವುದಿಲ್ಲ. ಹಾಗೆಂದು ನೋಟಿಸು ಬಂದಿದ್ದರೆ ಉತ್ತರ ಬರೆಯಲು ನಿಮಗೆ ದಾರಿಯಿದೆ.

ಎರಡನೆಯದು ಜಮೀನಿನ ತಾರೀಕು. 2019ರ ಫೆಬ್ರವರಿ 1ರಂದು ಜಮೀನು ಯಾರ ಹೆಸರಿನಲ್ಲಿತ್ತು ಎಂಬುದೇ ಲೆಕ್ಕ. ಆ ಮೇಲೆ ಕ್ರಯಕ್ಕೆ ಪಡೆದವರಿಗೆ ಬರುವುದಿಲ್ಲ. ಯಜಮಾನರು ತೀರಿಕೊಂಡು ಪೌತಿ ಖಾತೆಯಾಗಿ ವಾರಸುದಾರರಿಗೆ ಬಂದಿದ್ದರೆ ಮಾತ್ರ ಬರುತ್ತದೆ. ನಮ್ಮ ಕಡೆ ತಾತನ ಹೆಸರಿನ ಪಹಣಿ ಹಾಗೇ ಉಳಿದು, ಮೊಮ್ಮಕ್ಕಳ ಕಾಲಕ್ಕೆ ಖಾತೆ ಬದಲಾಗುವುದು ಸಾಮಾನ್ಯ. ಆಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಮ್ಯುಟೇಶನ್ ಪ್ರತಿ ಇವೇ ನಿಮ್ಮ ಸಾಕ್ಷಿ.

ಮೂರನೆಯದು ಆದಾಯ ತೆರಿಗೆ. ಟ್ರಾಕ್ಟರ್ ಸಾಲಕ್ಕೋ, ಮನೆ ಸಾಲಕ್ಕೋ ಬ್ಯಾಂಕಿನವರು ಕೇಳಿದರೆಂದು ಮಗ ಅಪ್ಪನ ಹೆಸರಿನಲ್ಲಿ ತೆರಿಗೆ ವಿವರ ಸಲ್ಲಿಸಿರುತ್ತಾನೆ. ಕಟ್ಟಿದ ತೆರಿಗೆ ಸೊನ್ನೆ. ನಿಯಮದಲ್ಲಿ ಹೊರಗಿಟ್ಟಿರುವುದು ತೆರಿಗೆ ಕಟ್ಟಿದವರನ್ನು. ವಿವರ ಸಲ್ಲಿಸಿದ್ದಕ್ಕೇ ‘ತೆರಿಗೆದಾರ’ ಎಂದು ನೋಟಿಸು ಬಂದಿದ್ದರೆ, ಆ ವರ್ಷದ ರಿಟರ್ನಿನ ಪ್ರತಿ ತೆಗೆಸಿ, ಕಟ್ಟಿದ ತೆರಿಗೆ ಸೊನ್ನೆ ಎಂಬ ಜಾಗಕ್ಕೆ ಗುರುತು ಹಾಕಿ ಅರ್ಜಿ ಜೊತೆ ಲಗತ್ತಿಸಿ. ನಿಜವಾಗಿ ತೆರಿಗೆ ಕಟ್ಟಿದ್ದರೆ ವಾದ ಬೇಡ, ಹಣ ಹಿಂದಿರುಗಿಸಿ.

ದೇಶದಾದ್ಯಂತ ಅನರ್ಹರಿಂದ 416 ಕೋಟಿ ರೂಪಾಯಿ ವಸೂಲಾಗಿದೆ ಎಂದು ಕೃಷಿ ಸಚಿವಾಲಯ 2025ರಲ್ಲಿ ಸಂಸತ್ತಿಗೆ ತಿಳಿಸಿದೆ. ಆದ್ದರಿಂದ ‘ಯಾರೂ ಕೇಳುವುದಿಲ್ಲ’ ಎಂಬ ಧೈರ್ಯವೂ ಸರಿಯಲ್ಲ.

ಈಗ ನೋಟಿಸು ಕೈಗೆ ಬಂತು ಎಂದುಕೊಳ್ಳಿ. ಮೊದಲ ಕೆಲಸ, ಬಂದ ತಾರೀಕನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ಎರಡನೆಯ ಕೆಲಸ, ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಹಣ ಯಾವ ಖಾತೆಗೆ ಬಂದಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಆಧಾರ್ ಮೂಲಕ ಬರುವ ಹಣ, ನೀವು ಕೊನೆಗೆ ಯಾವ ಖಾತೆಗೆ ಆಧಾರ್ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತದೆ. ಹಾಗಾಗಿ ಸೊಸೈಟಿ ಖಾತೆ, ಗ್ರಾಮೀಣ ಬ್ಯಾಂಕಿನ ಖಾತೆ, ಪೋಸ್ಟಾಫೀಸಿನ ಖಾತೆ ಎಲ್ಲವನ್ನೂ ನೋಡಿ.

ಪಾಸ್‌ಬುಕ್ ಯಾಕೆ ಮುಖ್ಯ ಎಂಬುದಕ್ಕೆ ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಕಡೆಯ ಒಬ್ಬ ತೋಟದ ಯಜಮಾನರು ನೋಟಿಸು ಹಿಡಿದು ಬಂದರು. ಗಂಡ ಹೆಂಡತಿ ಇಬ್ಬರೂ ನೋಂದಾಯಿಸಿಕೊಂಡಿದ್ದರು, ಹೆಂಡತಿಯ ಹೆಸರಿಗೆ ಬಂದ ಹಣ ವಾಪಸ್ ಕೊಡಬೇಕಿತ್ತು. ನೋಟಿಸಿನಲ್ಲಿ 11 ಕಂತು, 22,000 ರೂಪಾಯಿ ಎಂದಿತ್ತು. ಪಾಸ್‌ಬುಕ್ಕಿನಲ್ಲಿ ಬೆರಳಿಟ್ಟು ಎಣಿಸಿದರೆ ಬಂದದ್ದು ಒಂಬತ್ತೇ ಕಂತು. ಎರಡು ಕಂತು ಆಧಾರ್ ಹೊಂದಾಣಿಕೆಯಾಗದೆ ಹಿಂದಕ್ಕೆ ಹೋಗಿದ್ದವು. ಕಚೇರಿಯ ಲೆಕ್ಕದಲ್ಲಿ ಕಳಿಸಿದ್ದು ಮಾತ್ರ ಇತ್ತು, ಹಿಂದಿರುಗಿದ್ದು ಇರಲಿಲ್ಲ. ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ ಅರ್ಜಿ ಕೊಟ್ಟರು. ಕೊನೆಗೆ 18,000 ಕಟ್ಟಿದರು, 4,000 ಉಳಿಯಿತು.

ಇನ್ನೊಂದು ಮಾತು. 2019ರಿಂದ ಕೆಲವು ವರ್ಷ ಕೇಂದ್ರದ 6,000ದ ಜೊತೆಗೆ ನಮ್ಮ ರಾಜ್ಯ ಸರ್ಕಾರವೂ ವರ್ಷಕ್ಕೆ 4,000 ರೂಪಾಯಿ ಸೇರಿಸಿ ಕೊಡುತ್ತಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಎರಡೂ ಮೊತ್ತ 2,000ದ ಕಂತುಗಳಲ್ಲೇ ಬರುತ್ತಿದ್ದುದರಿಂದ ಪಾಸ್‌ಬುಕ್ಕಿನಲ್ಲಿ ಕಲಸಿಹೋಗಿರುತ್ತವೆ. ಕೇಳುತ್ತಿರುವುದು ಯಾವ ಹಣ, ಕೇಂದ್ರದ್ದೋ ರಾಜ್ಯದ್ದೋ, ಎಂದು ಬೇರೆ ಬೇರೆಯಾಗಿ ಲೆಕ್ಕ ಕೇಳಿ.

ಕೇಳುವುದು ಹೇಗೆ? ಬಾಯಿಮಾತಿನಲ್ಲಿ ಬೇಡ. ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡಿ. ಅರ್ಜಿ ಬರೆಯಲು ಬಾರದವರಿಗೆ ಒಂದು ಮಾದರಿ ಓದುತ್ತೇನೆ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಬರೆದುಕೊಳ್ಳಲಿ:

‘ಮಾನ್ಯರೇ, ತಮ್ಮ ಇಂಥ ಸಂಖ್ಯೆಯ, ಇಂಥ ತಾರೀಕಿನ ನೋಟಿಸು ನನಗೆ ಇಂಥ ದಿನ ತಲುಪಿದೆ. ಯಾವ ನಿಯಮದ ಪ್ರಕಾರ, ಯಾವ ದಾಖಲೆ ನೋಡಿ ನನ್ನನ್ನು ಅನರ್ಹನೆಂದು ತೀರ್ಮಾನಿಸಲಾಗಿದೆ, ಯಾವ ಯಾವ ತಾರೀಕು ಯಾವ ಖಾತೆಗೆ ಎಷ್ಟು ಹಣ ಜಮಾ ಆಗಿದೆ ಎಂಬ ವಿವರವನ್ನು ದಯಮಾಡಿ ಕೊಡಬೇಕು. ವಿವರ ಸಿಕ್ಕ ಮೇಲೆ ಉತ್ತರ ಸಲ್ಲಿಸಲು ಕಾಲಾವಕಾಶ ನೀಡಿ, ನನ್ನ ಅಹವಾಲನ್ನು ಖುದ್ದಾಗಿ ಕೇಳಿದ ಮೇಲೆಯೇ ಮುಂದಿನ ತೀರ್ಮಾನ ಕೈಗೊಳ್ಳಬೇಕು. ಅಲ್ಲಿಯವರೆಗೆ ವಸೂಲಿಯನ್ನು ತಡೆಹಿಡಿಯಬೇಕೆಂದು ಕೋರುತ್ತೇನೆ.’

ಇಷ್ಟೇ. ಎರಡು ಪ್ರತಿ ಮಾಡಿ. ಒಂದನ್ನು ನೋಟಿಸು ಕೊಟ್ಟ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಮೊಹರು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕಿಕೊಡಲು ಹಿಂದೆಮುಂದೆ ನೋಡಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಿವರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಇನ್ನು ವೃದ್ಧಾಪ್ಯ ವೇತನದ ವಿಚಾರ. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದವರಿಗೆ ಮಾಸಾಶನ ಬರುತ್ತದೆ. ಈಗ ಅದು ತಿಂಗಳಿಗೆ 1,200 ರೂಪಾಯಿ. ಇಲ್ಲಿ ತಕರಾರು ಬರುವುದು ಹೆಚ್ಚಾಗಿ ವಯಸ್ಸಿನ ಮೇಲೆ. ಒಬ್ಬ ಅಜ್ಜಿ ನನ್ನ ಹತ್ತಿರ ಬಂದು ಹೇಳಿದ್ದು ಹೀಗೆ: “ಮೇಷ್ಟ್ರೇ, ಸರ್ಕಾರ್ದೋರೇ ಕೊಟ್ರು, ಈಗ ಸರ್ಕಾರ್ದೋರೇ ಕೇಳ್ತಾವ್ರೆ. ನಂಗಿನ್ನೂ ವಯಸ್ಸಾಗಿಲ್ವಂತೆ. ನನ್ ಹಲ್ ನೋಡಿ, ಒಂದಾದ್ರೂ ಐತಾ?”

ಆಧಾರ್ ಕಾರ್ಡು ನೋಡಿದೆ. ಹುಟ್ಟಿದ್ದು 1960 ಎಂದಿತ್ತು. ತಾರೀಕು, ತಿಂಗಳು ಇಲ್ಲ, ವರ್ಷ ಮಾತ್ರ. ಕರ್ನಾಟಕದಲ್ಲಿ ಆಧಾರ್ ನೋಂದಣಿ 2010ರಲ್ಲಿ ಮೊದಲು ನಡೆದದ್ದೇ ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಆಗ ಹುಟ್ಟಿದ ದಾಖಲೆ ಇಲ್ಲದವರು ಬಾಯಲ್ಲಿ ಹೇಳಿದ ವರ್ಷವನ್ನೇ ಬರೆದುಕೊಂಡದ್ದುಂಟು. “ಅಜ್ಜಿ, ದೊಡ್ಡ ಮಗ ಓದಿದಾನಾ?” ಎಂದೆ. “ಏಳ್ನೇ ಕ್ಲಾಸ್‌ಗಂಟ ಓದವ್ನೆ” ಎಂದಳು. ಶಾಲೆಯಿಂದ ಮಗನ ವರ್ಗಾವಣೆ ಪತ್ರ ತೆಗೆಸಿದೆವು. ಮಗ ಹುಟ್ಟಿದ್ದು 1969. ಅಂದರೆ ಕಾರ್ಡಿನ ಪ್ರಕಾರ ಈ ತಾಯಿ ಒಂಬತ್ತನೇ ವರ್ಷಕ್ಕೆ ಹೆತ್ತಿದ್ದಾಳೆ! ಆ ಪತ್ರ ಲಗತ್ತಿಸಿ, ಸರ್ಕಾರಿ ವೈದ್ಯರಿಂದ ವಯಸ್ಸಿನ ಪರೀಕ್ಷೆ ಮಾಡಿಸಬೇಕೆಂದು ಅರ್ಜಿ ಕೊಟ್ಟೆವು. ವಸೂಲಿ ಕೈಬಿಟ್ಟರು. ಅಜ್ಜಿಯಂಥವರು ಹಳೆಯ ಮತದಾರರ ಗುರುತಿನ ಚೀಟಿ, ಮಕ್ಕಳ ಶಾಲಾ ದಾಖಲೆ ಯಾವುದನ್ನೂ ಬಿಸಾಡಬಾರದು.

ಮನೆಯಲ್ಲಿ ಸಾವಾದಾಗಲೂ ಒಂದು ಕೆಲಸ ಮರೆಯಬಾರದು. ಅಪ್ಪ ಹೋದರು, ಆದರೂ ಅವರ ಮಾಸಾಶನ ಖಾತೆಗೆ ಬರುತ್ತಲೇ ಇದೆ. ಎಟಿಎಂ ಕಾರ್ಡು ಮಗನ ಹತ್ತಿರ ಇದೆ. ತೆಗೆದು ಖರ್ಚು ಮಾಡಿದರೆ ನಾಳೆ ಅದನ್ನು ಕೇಳುವ ಹಕ್ಕು ಸರ್ಕಾರಕ್ಕಿದೆ, ಮಗನಿಗೆ ಉತ್ತರವಿಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಪ್ರತಿಯನ್ನು ನಾಡಕಚೇರಿಗೂ ಬ್ಯಾಂಕಿಗೂ ಕೊಡಿ. ಮನೆಯ ಯಜಮಾನಿ ತೀರಿಕೊಂಡಿದ್ದರೆ ಗೃಹಲಕ್ಷ್ಮಿಯ 2,000ಕ್ಕೂ ಇದೇ ಮಾತು. ಗೃಹಲಕ್ಷ್ಮಿಯಲ್ಲಿ ಇನ್ನೊಂದು ಷರತ್ತಿದೆ. ಯಜಮಾನಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ವಿವರ ಸಲ್ಲಿಸುವವರಾಗಿದ್ದರೆ ಆ ಹಣ ಬರುವುದಿಲ್ಲ. ಅಂಗಡಿಗೆ, ಕೊಬ್ಬರಿ ವ್ಯಾಪಾರಕ್ಕೆ ಜಿಎಸ್‌ಟಿ ಮಾಡಿಸಿದವರು ಇದನ್ನು ಗಮನದಲ್ಲಿಡಬೇಕು.

ಲೆಕ್ಕವೆಲ್ಲ ನೋಡಿದ ಮೇಲೆ ಹಣ ಕೊಡಲೇಬೇಕು ಎಂದು ಗೊತ್ತಾದರೆ? ಕೊಡಿ. ಆದರೆ ಕೊಡುವ ದಾರಿ ಸರಿಯಿರಲಿ. ಯಾರ ಕೈಗೂ ನಗದು ಕೊಡಬೇಡಿ, ಅವರು ಎಷ್ಟೇ ಪರಿಚಯದವರಾಗಿರಲಿ. ಕಿಸಾನ್ ಸಮ್ಮಾನ್ ಹಣವನ್ನು ಹಿಂದಿರುಗಿಸಲು ಆ ಯೋಜನೆಯ ಪೋರ್ಟಲಿನಲ್ಲೇ ಅವಕಾಶವಿದೆ. ಅದು ತಿಳಿಯದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಇಲಾಖೆಯ ಖಾತೆ ಯಾವುದೆಂದು ಬರಹದಲ್ಲಿ ಪಡೆದು ಕಟ್ಟಿ. ರಾಜ್ಯದ ಹಣವಾದರೆ ಖಜಾನೆ ಚಲನ್ ಕೇಳಿ. ರಸೀದಿಯ ಪ್ರತಿಯನ್ನು ನೋಟಿಸು ಕೊಟ್ಟ ಕಚೇರಿಗೆ ಸಲ್ಲಿಸಿ ಮೊಹರು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಕಟ್ಟಿದ ಹಣಕ್ಕೇ ಮತ್ತೊಮ್ಮೆ ನೋಟಿಸು ಬರುತ್ತದೆ.

ಒಟ್ಟಿಗೆ ಕಟ್ಟಲು ಆಗದಿದ್ದರೆ ಕಂತು ಕೇಳಲು ಸಂಕೋಚ ಬೇಡ. ನಮ್ಮದು ತಿಂಗಳ ಸಂಬಳದ ಬದುಕಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾದು, ಕೊಬ್ಬರಿ ಸುಲಿಸಿ ತಿಪಟೂರಿಗೆ ಒಯ್ದ ಮೇಲೆಯೇ ಕೈಯಲ್ಲಿ ಕಾಸು ಆಡುವುದು. ಅದೂ ಬೆಲೆ ಇದ್ದರೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಎಂದು ಘೋಷಿಸಿದ್ದರೂ ಪೇಟೆಯಲ್ಲಿ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿದ್ದು ಎಲ್ಲರಿಗೂ ನೆನಪಿದೆ. ಅಂಥ ವರ್ಷ ‘ಏಳು ದಿನದಲ್ಲಿ ಕಟ್ಟು’ ಎಂದರೆ ರೈತ ಬಡ್ಡಿ ಸಾಲ ಮಾಡಬೇಕಾಗುತ್ತದೆ. ಕೊಬ್ಬರಿ ಮಾರಿದ ಮೇಲೆ ಇಂತಿಷ್ಟು ಕಂತಿನಲ್ಲಿ ಕಟ್ಟುತ್ತೇನೆ ಎಂದು ಅರ್ಜಿಯಲ್ಲೇ ಬರೆಯಿರಿ.

ಇನ್ನು ಸರ್ಕಾರಿ ನೌಕರಿ ಮಾಡಿದವರಿಗೆ ಒಂದು ಮಾತು. ವೇತನ ನಿಗದಿಯಲ್ಲಿ ಕಚೇರಿಯೇ ತಪ್ಪು ಮಾಡಿ, ನಿವೃತ್ತಿಯಾದ ಮೇಲೆ ಲಕ್ಷಗಟ್ಟಲೆ ವಾಪಸ್ ಕೇಳುವುದು ಹೊಸದೇನಲ್ಲ. 2014ರ ಡಿಸೆಂಬರ್ 18ರಂದು ಪಂಜಾಬ್ ಸರ್ಕಾರ ಮತ್ತು ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೆಲವು ಸಂದರ್ಭಗಳಲ್ಲಿ ಹೀಗೆ ವಸೂಲು ಮಾಡುವಂತಿಲ್ಲ ಎಂದು ಹೇಳಿತು. ‘ಸಿ’ ಮತ್ತು ‘ಡಿ’ ಗುಂಪಿನ ನೌಕರರಿಂದ, ನಿವೃತ್ತರಿಂದ ಅಥವಾ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲು ಮಾಡುವುದು, ಐದು ವರ್ಷಕ್ಕೂ ಹೆಚ್ಚು ಕಾಲ ಕೊಟ್ಟ ಹೆಚ್ಚುವರಿ ಹಣವನ್ನು ವಸೂಲು ಮಾಡುವುದು ಇವುಗಳಲ್ಲಿ ಮುಖ್ಯ. 2022ರಲ್ಲಿ ಕೇರಳದ ಒಬ್ಬ ನಿವೃತ್ತ ಶಿಕ್ಷಕರ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ಶಿಕ್ಷಕರ ಪರ ನಿಂತಿತು. ಆ ತೀರ್ಪು ಬರೆದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. ನೌಕರನ ಕಡೆಯಿಂದ ಮೋಸವಾಗಲಿ ಸುಳ್ಳು ಮಾಹಿತಿಯಾಗಲಿ ಇರದೆ, ತಪ್ಪು ಪೂರ್ತಿ ಕಚೇರಿಯದ್ದೇ ಆಗಿರಬೇಕು ಎಂಬುದು ಇದರ ತಿರುಳು. ಆದರೆ ‘ಹೆಚ್ಚು ಕೊಟ್ಟಿದ್ದರೆ ವಾಪಸ್ ಕೊಡುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟವರಿಗೆ ಈ ರಕ್ಷಣೆ ಸಿಗದು ಎಂದು 2016ರ ಇನ್ನೊಂದು ತೀರ್ಪಿದೆ. ಆದ್ದರಿಂದ ಸಹಿ ಹಾಕುವ ಮುಂಚೆ ಓದಿ.

ಈ ತೀರ್ಪುಗಳು ನೌಕರರ ವಿಚಾರದವು. ಮಾಸಾಶನಕ್ಕೆ, ಕಿಸಾನ್ ಹಣಕ್ಕೆ ನೇರವಾಗಿ ಅನ್ವಯಿಸುತ್ತವೆ ಎಂದು ನಾನು ಹೇಳಲಾರೆ. ಆದರೂ ಸುಳ್ಳು ಹೇಳಿ ಪಡೆದವನನ್ನೂ, ಕಚೇರಿಯ ತಪ್ಪಿನಿಂದ ಪಡೆದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ವಾದವನ್ನು ನಿಮ್ಮ ಅರ್ಜಿಯಲ್ಲಿ ಧಾರಾಳವಾಗಿ ಬರೆಯಬಹುದು. ವಕೀಲರ ಸಹಾಯ ಬೇಕಾದರೆ ಚಿಕ್ಕನಾಯಕನಹಳ್ಳಿ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಕಾನೂನು ನೆರವು ಉಚಿತ. ಫೋನ್ ಸಂಖ್ಯೆ 15100.

ಈ ತೊಂದರೆ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಆಸ್ಟ್ರೇಲಿಯಾದಲ್ಲಿ ಕಂಪ್ಯೂಟರು ಜನರ ವರ್ಷದ ಆದಾಯವನ್ನು ಸರಾಸರಿ ಮಾಡಿ, ‘ನೀವು ಹೆಚ್ಚು ಭತ್ಯೆ ಪಡೆದಿದ್ದೀರಿ’ ಎಂದು ಲಕ್ಷಾಂತರ ಬಡವರಿಗೆ ಸಾಲದ ಪತ್ರ ಕಳಿಸಿತು. ಕೆಲವು ತಿಂಗಳು ಕೂಲಿ ಸಿಕ್ಕಿ ಕೆಲವು ತಿಂಗಳು ಸಿಗದವನ ಬದುಕು ಸರಾಸರಿಯಲ್ಲಿ ಹೇಗೆ ಸಿಕ್ಕೀತು? ಅದು ಕಾನೂನುಬಾಹಿರ ಎಂದಾಗಿ, ಸರ್ಕಾರವೇ ಹಣ ಹಿಂದಿರುಗಿಸಬೇಕಾಯಿತು. ವಿಚಾರಣಾ ಆಯೋಗ 2023ರ ಜುಲೈನಲ್ಲಿ ಕಟುವಾದ ವರದಿ ಕೊಟ್ಟಿತು. ನೆದರ್ಲೆಂಡ್ಸಿನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ತಂದೆ ತಾಯಂದಿರನ್ನು ವಂಚಕರೆಂದು ಕರೆದು, ಅಷ್ಟೂ ಹಣ ವಾಪಸ್ ಕೇಳಿದರು. ತಪ್ಪು ಬಯಲಾಗಿ 2021ರ ಜನವರಿ 15ರಂದು ಇಡೀ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಕಂಪ್ಯೂಟರಿನ ಪಟ್ಟಿಯನ್ನೇ ತೀರ್ಪು ಎಂದುಕೊಂಡರೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇವೆರಡು ಉದಾಹರಣೆ ಸಾಕು.

ಈ ಭಾಷಣ ಕೇಳುತ್ತಿರುವ ಅಧಿಕಾರಿಗಳಿಗೂ ನನ್ನದೊಂದು ವಿನಂತಿ. ಪಟ್ಟಿ ನಿಮಗೆ ಮೇಲಿನಿಂದ ಬರುತ್ತದೆ, ಗುರಿ ಮುಟ್ಟಿಸಬೇಕೆಂಬ ಒತ್ತಡವಿದೆ, ನಿಜ. ಆದರೂ ನೋಟಿಸಿನಲ್ಲಿ ‘ಅನರ್ಹ’ ಎಂಬ ಒಂದು ಪದದ ಜೊತೆ ಕಾರಣವನ್ನೂ, ಕಂತುಗಳ ತಾರೀಕನ್ನೂ, ಯಾರನ್ನು ಕಾಣಬೇಕು ಎಂಬುದನ್ನೂ ಬರೆಯಿರಿ. ಅದಕ್ಕೆ ಇನ್ನೊಂದು ಹಾಳೆ ಬೇಕಾಗಬಹುದು, ಅಷ್ಟೇ. ಆ ಒಂದು ಹಾಳೆಯಿಂದ ನಿಮ್ಮ ಕಚೇರಿಗೆ ಹತ್ತು ಸಲ ಅಲೆಯುವುದು ತಪ್ಪುತ್ತದೆ.

ಕೊನೆಯದಾಗಿ ಎಚ್ಚರಿಕೆಯ ಮಾತು. ಈ ನೋಟಿಸುಗಳ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡ ಕಳ್ಳರಿದ್ದಾರೆ. ‘ಕಿಸಾನ್ ಆಫೀಸಿಂದ ಮಾತಾಡ್ತಿದೀವಿ, ಹಣ ವಾಪಸ್ ಕಟ್ಟದಿದ್ದರೆ ಖಾತೆ ಬಂದ್, ಒಟಿಪಿ ಹೇಳಿ’ ಎನ್ನುತ್ತಾರೆ. ಮೊಬೈಲಿಗೆ ಒಂದು ಫೈಲು ಕಳಿಸಿ ಒತ್ತು ಎನ್ನುತ್ತಾರೆ. ಒತ್ತಬೇಡಿ. ಯಾವ ಸರ್ಕಾರಿ ಕಚೇರಿಯೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಹಣ ಹೋಯಿತು ಎಂದು ಗೊತ್ತಾದ ಕ್ಷಣವೇ 1930ಕ್ಕೆ ಫೋನ್ ಮಾಡಿ.

ಕೇಳುಗರೇ, ಸರ್ಕಾರದ ಹಣ ನಮ್ಮೆಲ್ಲರ ಹಣ. ನಮಗೆ ಸಲ್ಲದ್ದನ್ನು ಇಟ್ಟುಕೊಂಡರೆ ಸಲ್ಲಬೇಕಾದ ಇನ್ನೊಬ್ಬರಿಗೆ ತಪ್ಪುತ್ತದೆ. ಹಾಗೆಯೇ, ಸಲ್ಲಬೇಕಾದ್ದನ್ನು ಹೆದರಿ ಬಿಟ್ಟುಕೊಡುವುದೂ ತಪ್ಪೇ. ನೋಟಿಸು ಬಂದವರು ಅದನ್ನು ಒಬ್ಬರೇ ನುಂಗಿಕೊಂಡು ಕೂರಬೇಡಿ, ಮನೆಯವರಿಗೆ ತೋರಿಸಿ, ಓದು ಬಲ್ಲವರಿಂದ ಓದಿಸಿ. ಓದು ಬಲ್ಲವರು ಅಕ್ಕಪಕ್ಕದ ಹಿರಿಯರ ಅರ್ಜಿಯನ್ನು ಬೇಸರಿಸದೆ ಬರೆದುಕೊಡಿ. ಕಟ್ಟಬೇಕಾದ್ದನ್ನು ಕಟ್ಟಿ ರಸೀದಿ ಪಡೆಯಿರಿ, ಕಟ್ಟಬೇಕಿಲ್ಲದ್ದಕ್ಕೆ ಲೆಕ್ಕ ಕೇಳಿ.